ವಾರಂಟಿ ಮುಗಿದ ಲ್ಯಾಪ್‌ಟಾಪಿನ ಬಿಲ್ಲು: ಹಳೆಯ ಬೋರ್ಡನ್ನೇ ಸಾಕ್ಷಿಯಾಗಿಸಿ ಹಣ ಮರಳಿ ಪಡೆದ ನನ್ನ ಅನುಭವ

ವಾರಂಟಿ ಮುಗಿದು ಒಂದೂವರೆ ತಿಂಗಳಾಗಿದ್ದ ನನ್ನ ಲ್ಯಾಪ್‌ಟಾಪಿನ ಮದರ್‌ಬೋರ್ಡ್ (ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆ) ಬದಲಾಯಿಸಲು ಅಧಿಕೃತ ಸರ್ವಿಸ್ ಸೆಂಟರಿನವರು ಸುಮಾರು 46,600 ರೂಪಾಯಿ ಬಿಲ್ಲು ಹಾಕಿದ್ದರು. ಅದರಲ್ಲಿ 34,000 ರೂಪಾಯಿಯಷ್ಟು ಹಣ ಈಗ ನನ್ನ ಖಾತೆಗೆ ಮರಳಿ ಬಂದಿದೆ. ಮೊದಲು ಬಿಲ್ಲನ್ನು ಪೂರ್ತಿ ಪಾವತಿಸಿ, ಯಂತ್ರವನ್ನು ಬಿಡಿಸಿಕೊಂಡು, ಆಮೇಲೆ ಅದೇ ಬಿಲ್ಲನ್ನು ಪ್ರಶ್ನಿಸುತ್ತೇನೆ ಎಂದು ನಾನು ಹೇಳಿದಾಗ, ಇಂಥ ತಕರಾರುಗಳಲ್ಲಿ ಪಳಗಿದ ಮಿತ್ರರಾಗಲಿ, ಪರಿಚಯದ ವಕೀಲರಾಗಲಿ ಯಾರೂ ಒಪ್ಪಿರಲಿಲ್ಲ. ದುಡ್ಡು ಕಟ್ಟಿದ ಮೇಲೆ ಬಾಯಿ ಕಟ್ಟಿದ ಹಾಗೆಯೇ ಎಂಬುದು ಅವರೆಲ್ಲರ ಅಭಿಪ್ರಾಯವಾಗಿತ್ತು. ಆ ಅಭಿಪ್ರಾಯ ಸರಿಯಲ್ಲವೆಂದು ಈಗ ಕಾಗದದ ಮೇಲೆಯೇ ತೋರಿಸಬಲ್ಲೆನಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ದಾವಣಗೆರೆಯಲ್ಲಿ ಸಣ್ಣದೊಂದು ಡಿಟಿಪಿ ಅಂಗಡಿ ನಡೆಸುತ್ತೇನೆ. ಲಗ್ನಪತ್ರಿಕೆ, ಕಾಲೇಜು ಮಕ್ಕಳ ಪ್ರಾಜೆಕ್ಟ್ ವರದಿ, ಸಹಕಾರ ಸಂಘಗಳ ವಾರ್ಷಿಕ ವರದಿ, ಎಲ್ಲವೂ ಆ ಒಂದು ಲ್ಯಾಪ್‌ಟಾಪಿನಲ್ಲೇ ಆಗಬೇಕು. ಯಂತ್ರವನ್ನು ಸರ್ವಿಸ್ ಸೆಂಟರಿನ ಕಪಾಟಿನಲ್ಲಿ ಬಿಟ್ಟು ತಿಂಗಳುಗಟ್ಟಲೆ ಜಗಳವಾಡುವ ಅನುಕೂಲ ನನಗಿರಲಿಲ್ಲ, ನಮ್ಮಂಥ ಯಾರಿಗೂ ಇರುವುದಿಲ್ಲ. ಇಷ್ಟು ವರ್ಷ ನಮ್ಮಂಥ ಗ್ರಾಹಕರ ತಕರಾರುಗಳನ್ನು ನೋಡಿದ ಮೇಲೆ ನನಗೆ ಸ್ಪಷ್ಟವಾಗಿರುವುದು ಒಂದೇ: ವಾರಂಟಿ ಮುಗಿದ ಮೇಲೆ ವಾರಂಟಿಯ ಮಾತನ್ನೇ ಎತ್ತಬಾರದು. "ಮುಗಿದು ಸ್ವಲ್ಪವೇ ದಿನವಾಗಿದೆ, ಉಚಿತವಾಗಿ ಮಾಡಿಕೊಡಿ" ಎಂದು ಕೇಳಿದ ಕ್ಷಣದಿಂದ ನಾವು ಅವರ ಔದಾರ್ಯವನ್ನು ಬೇಡುವವರಾಗುತ್ತೇವೆ. ವಾರಂಟಿ ಮುಗಿದ ನಂತರ ನಡೆಯುವುದು ಹಣ ಕೊಟ್ಟು ಪಡೆಯುವ ಸೇವೆ. ಆ ಸೇವೆಗೆ ಹಾಕಿದ ಬೆಲೆ ಎಷ್ಟು, ಅದಕ್ಕೆ ಕೊಟ್ಟ ಕಾರಣವೇನು, ನಮಗೆ ಹೇಳದೆ ಬಿಟ್ಟ ಅಗ್ಗದ ದಾರಿ ಯಾವುದು ಎಂಬುದರ ಮೇಲೆ ತಕರಾರನ್ನು ಕಟ್ಟಬೇಕು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಸೆಕ್ಷನ್ 2(11) ಸೇವಾ ನ್ಯೂನತೆಯನ್ನು ವಿವರಿಸುವಾಗ, ಗ್ರಾಹಕನಿಗೆ ಸಂಬಂಧಪಟ್ಟ ಮಾಹಿತಿಯನ್ನು ಬೇಕೆಂದೇ ತಡೆಹಿಡಿಯುವುದನ್ನೂ ಅದರಲ್ಲಿ ಸೇರಿಸಿದೆ. ನನ್ನ ಇಡೀ ಪ್ರಕರಣ ನಿಂತದ್ದು ಆ ಒಂದು ಮಾತಿನ ಮೇಲೆ.

ಇದಕ್ಕೆ ಮೊದಲು ಸೋತದ್ದನ್ನೂ ಹೇಳಬೇಕು. ನಮ್ಮ ಅಂಗಡಿಗೆ ಬರುವ ಉಪನ್ಯಾಸಕರೊಬ್ಬರ ಲ್ಯಾಪ್‌ಟಾಪಿನ ಹಿಂಜ್ (ಪರದೆ ಮಡಚುವ ಕೀಲು) ಕೊಂಡ ಹದಿನಾಲ್ಕು ತಿಂಗಳಿಗೆ ಕಿತ್ತುಬಂದಿತ್ತು. ಮೇಲಿನ ಕವರ್, ಹಿಂಜ್, ಕೂಲಿ ಸೇರಿ ಹನ್ನೊಂದು ಸಾವಿರದ ಆಸುಪಾಸಿನ ಎಸ್ಟಿಮೇಟ್ ಬಂದಾಗ ಅವರ ಪರವಾಗಿ ನಾನೇ ಓಡಾಡಿದೆ. ಸಾಮಾಜಿಕ ಜಾಲತಾಣದಲ್ಲಿ ಕಂಪನಿಯನ್ನು ಹೆಸರಿಸಿ ಬರೆದರೆ, ನಿಮ್ಮ ಸೀರಿಯಲ್ ನಂಬರನ್ನು ಖಾಸಗಿಯಾಗಿ ಕಳಿಸಿ ಎಂಬ ಉತ್ತರ ಬಂತು, ಮುಂದೆ ಏನೂ ಆಗಲಿಲ್ಲ. ವಕೀಲರ ಮೂಲಕ ಕಳಿಸಿದ ನೋಟಿಸಿಗೆ ಮೂರು ಸಾವಿರದಷ್ಟು ಖರ್ಚಾಯಿತು. ಉತ್ತರದಲ್ಲಿ "ಭೌತಿಕ ಹಾನಿ" ಎಂಬ ಎರಡು ಪದಗಳನ್ನು ಬಿಟ್ಟರೆ ಹುರುಳಿರಲಿಲ್ಲ. ಹಿಂಜಿನ ಫೋಟೋಗಳೆಲ್ಲ ಮುರಿದ ಮೇಲೆ ತೆಗೆದವು. ಅದಕ್ಕೂ ಮೊದಲು ಸ್ಕ್ರೂ ಕೂರುವ ಪ್ಲಾಸ್ಟಿಕ್ ಭಾಗ ಬಿರುಕು ಬಿಟ್ಟಿತ್ತೆಂದು ತೋರಿಸುವ ಒಂದು ತುಂಡು ಕಾಗದವೂ ನಮ್ಮ ಬಳಿ ಇರಲಿಲ್ಲ. ಕೊನೆಗೆ ಉಪನ್ಯಾಸಕರು ಹೊರಗಡೆ ಎರಡೂವರೆ ಸಾವಿರಕ್ಕೆ ಹಿಂಜ್ ಕೂರಿಸಿಕೊಂಡು ಸುಮ್ಮನಾದರು. ಆ ಪ್ರಕರಣದಲ್ಲಿ ನಮಗೆ ಬಾಯಿಮಾತು ಬೇಕಾದಷ್ಟಿತ್ತು, ದಾಖಲೆ ಇರಲಿಲ್ಲ.

ನನ್ನ ಯಂತ್ರದ ವಿಷಯದಲ್ಲಿ ದಾಖಲೆ ಮೊದಲಿನಿಂದಲೂ ಇತ್ತು. ಸುಮಾರು 62,000 ರೂಪಾಯಿಗೆ ಕೊಂಡ ಆ ಲ್ಯಾಪ್‌ಟಾಪ್ ಹತ್ತನೆಯ ತಿಂಗಳಿನಲ್ಲೇ, ಕೆಲಸದ ನಡುವೆ ಯಾವ ಸೂಚನೆಯೂ ಇಲ್ಲದೆ ಆರಿಹೋಗತೊಡಗಿತು. ಆಗಲೇ ಕಂಪನಿಗೆ ಇಮೇಲ್ ಬರೆದಿದ್ದೆ, ಬಯೋಸ್ (ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿಕೊಳ್ಳಿ ಎಂಬ ಉತ್ತರ ಬಂದಿತ್ತು. ಬ್ಯಾಟರಿಯದೇ ದೋಷವಿರಬಹುದೆಂದು ಅದೇ ವಾರ ವಿಂಡೋಸಿನ ಪವರ್‌ಸಿಎಫ್‌ಜಿ (powercfg) ಎಂಬ ಆಜ್ಞೆಯಿಂದ ಬ್ಯಾಟರಿ ವರದಿ ತೆಗೆದು ಉಳಿಸಿಕೊಂಡಿದ್ದೆ. ಮೂಲ ಸಾಮರ್ಥ್ಯದ ಶೇಕಡಾ ತೊಂಬತ್ತಕ್ಕಿಂತ ಹೆಚ್ಚು ಉಳಿದಿತ್ತು. ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ಏಕಾಏಕಿ ಆರಿದರೆ, ಯಂತ್ರದಲ್ಲಿ ಆದದ್ದರ ದಾಖಲೆ ತೋರಿಸುವ ವಿಂಡೋಸಿನ ಈವೆಂಟ್ ವ್ಯೂವರಿನಲ್ಲಿ ಕರ್ನಲ್-ಪವರ್ 41 ಎಂಬ ನಮೂದು ಬೀಳುತ್ತದೆ. ಆದರೆ ಅದೊಂದೇ ಇದ್ದರೆ ಪ್ರಯೋಜನವಿಲ್ಲ, ಪವರ್ ಬಟನ್ ಒತ್ತಿ ಹಿಡಿದು ಆರಿಸಿದರೂ ಅದೇ ನಮೂದು ಬೀಳುತ್ತದೆ, ಕರೆಂಟ್ ಹೋಗಿದ್ದಿರಬೇಕು ಎಂದೂ ಎದುರಿನವರು ವಾದಿಸುತ್ತಾರೆ. ಅದರ ಪಕ್ಕದಲ್ಲಿ ಬ್ಯಾಟರಿ ವರದಿಯನ್ನಿಟ್ಟರೆ ಕರೆಂಟಿನ ವಾದ ನಿಲ್ಲುವುದಿಲ್ಲ, ಏಕೆಂದರೆ ಗಟ್ಟಿಯಾದ ಬ್ಯಾಟರಿಯಿರುವ ಲ್ಯಾಪ್‌ಟಾಪ್ ಕರೆಂಟ್ ಹೋದರೆ ಆರುವುದಿಲ್ಲ. ಇನ್ನೊಂದು ವಿಷಯ: ಈ ನಮೂದುಗಳಿರುವ ಸಿಸ್ಟಮ್ ಲಾಗ್ ಎಂಬ ಕಡತಕ್ಕೆ ವಿಂಡೋಸ್ ಸಾಮಾನ್ಯವಾಗಿ 20 ಎಂಬಿ ಮಿತಿಯಿಟ್ಟಿರುತ್ತದೆ, ತುಂಬಿದ ಮೇಲೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ಆದ್ದರಿಂದ ತೊಂದರೆ ಕಂಡ ದಿನವೇ ಆ ಕಡತವನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಬೇಕು. ಯಂತ್ರ ಸತ್ತುಹೋಗಿದ್ದರೆ ಕಡತಗಳಿರುವ ಎಸ್‌ಎಸ್‌ಡಿ ಡ್ರೈವನ್ನು ಬಿಚ್ಚಿ ಎನ್‌ಕ್ಲೋಶರಿನಲ್ಲಿ (ಯುಎಸ್‌ಬಿಗೆ ಜೋಡಿಸುವ ಡಬ್ಬಿ) ಹಾಕಿ ಬೇರೊಂದು ಯಂತ್ರದಿಂದ ತೆಗೆಯಬಹುದು.

ಯಂತ್ರ ಪೂರ್ತಿ ನಿಂತದ್ದು ವಾರಂಟಿ ಮುಗಿದ ಮೇಲೆ. ಚಾರ್ಜರಿನ ಪಿನ್ ಚುಚ್ಚಿದ ಕೂಡಲೇ ಚಾರ್ಜರಿನ ದೀಪವೇ ಆರುತ್ತಿತ್ತು. ಬೋರ್ಡಿನ ಮುಖ್ಯ ವಿದ್ಯುತ್ ಹಾದಿಯಲ್ಲಿ ಶಾರ್ಟ್ ಆಗಿದೆ ಎಂದು ಅಲ್ಲಿಗೇ ಊಹಿಸಬಹುದಿತ್ತು. ಆದರೂ ನಾನು ಬಿಚ್ಚಲಿಲ್ಲ. ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಅವರ ಎಂಜಿನಿಯರಿಂದಲೇ ಹಿಂಬದಿಯ ಕವರ್ ತೆಗೆಸಿ, ಎಸ್‌ಎಸ್‌ಡಿಯನ್ನು ನಾನು ಇಟ್ಟುಕೊಂಡಿದ್ದೇನೆಂದು ಜಾಬ್ ಶೀಟಿನಲ್ಲಿ ಬರೆಸಿದೆ. ಅದೇ ಹೊತ್ತಿಗೆ ಬೋರ್ಡಿನ ಮೇಲಿದ್ದ ಬಾರ್‌ಕೋಡ್ ಸ್ಟಿಕ್ಕರಿನ ಫೋಟೋವನ್ನೂ ತೆಗೆದುಕೊಂಡೆ. ಜಾಬ್ ಶೀಟಿನಲ್ಲಿ ಯಂತ್ರದ ಸ್ಥಿತಿ ಎಂಬ ಕಾಲಮ್ಮಿನ ಎದುರು ಏನೂ ಬರೆಯದೆ ಗೆರೆ ಎಳೆಯುವುದು ಅವರ ರೂಢಿ. ಗೆರೆ ಬೇಡ, "ಭೌತಿಕ ಹಾನಿ ಇಲ್ಲ, ದ್ರವದ ಗುರುತು ಇಲ್ಲ" ಎಂದು ಪೆನ್ನಿನಲ್ಲಿ ಬರೆದು ಸಹಿ ಹಾಕಿ ಕೊಡಿ ಎಂದು ಪಟ್ಟು ಹಿಡಿದೆ. ಕೌಂಟರಿನ ಹುಡುಗ "ಸಾರ್, ಇದನ್ನೆಲ್ಲ ಯಾರೂ ಕೇಳಲ್ಲ" ಎಂದು ಅಸಮಾಧಾನದಿಂದಲೇ ಬರೆದುಕೊಟ್ಟ. ಮುಂದೆ ಅವರು ಬರೆಯಬಹುದಾದ ಎಷ್ಟೋ ಸಬೂಬುಗಳನ್ನು ಆ ಒಂದು ಸಾಲು ಅಂದೇ ಮುಚ್ಚಿಹಾಕಿತು. ಬೋರ್ಡ್ ಬದಲಾಗದಂತೆ ನಾನು ಇಡುವ ಇನ್ನೊಂದು ಗುರುತಿದೆ. ಅದನ್ನು ಇಲ್ಲಿ ಬರೆದರೆ ಅದು ಗುರುತಾಗಿ ಉಳಿಯುವುದಿಲ್ಲವಾದ್ದರಿಂದ ಬಿಡುತ್ತೇನೆ.

ತಪಾಸಣಾ ಶುಲ್ಕ 500, ಜಿಎಸ್‌ಟಿ ಸೇರಿ 590. ನಾಲ್ಕೈದು ದಿನದಲ್ಲಿ ಎಸ್ಟಿಮೇಟ್ ಬಂತು: ಮದರ್‌ಬೋರ್ಡ್ 38,000, ಕೂಲಿ 1,500, ಮೇಲೆ ಶೇಕಡಾ 18 ಜಿಎಸ್‌ಟಿ. ಕಾರಣದ ಜಾಗದಲ್ಲಿ "ಬೋರ್ಡ್ ದೋಷಪೂರಿತ" ಎಂದಷ್ಟೇ ಇತ್ತು. ಇಲ್ಲಿ ಒಂದು ಪ್ರಯೋಗ ಮಾಡಿದೆ. ಅದೇ ಮಾದರಿ, ಅದೇ ಪಾರ್ಟ್ ನಂಬರ್ ಕೊಟ್ಟು ಹುಬ್ಬಳ್ಳಿಯ ಮತ್ತು ಬೆಂಗಳೂರಿನ ಅಧಿಕೃತ ಕೇಂದ್ರಗಳಿಂದ ಇಮೇಲಿನಲ್ಲಿ ದರ ತರಿಸಿದೆ. ಒಂದು ಕಡೆ 33,000 ಚಿಲ್ಲರೆ, ಇನ್ನೊಂದು ಕಡೆ 41,000ದ ಹತ್ತಿರ. ಒಂದೇ ಕಂಪನಿಯ ಒಂದೇ ಬೋರ್ಡಿಗೆ ಏಳೆಂಟು ಸಾವಿರದ ಅಂತರವಿದ್ದರೆ ಯಾವುದು ನಿಜವಾದ ಬೆಲೆ ಎಂದು ಕೇಳುವ ಹಕ್ಕು ನಮಗಿದೆ. ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು ಆರಂಭಿಸಿದ, ರಿಪೇರಿಯ ಮಾಹಿತಿಯನ್ನು ಗ್ರಾಹಕರಿಗೆ ಒದಗಿಸುವ ರೈಟ್ ಟು ರಿಪೇರ್ ಪೋರ್ಟಲಿನಲ್ಲೂ ಹುಡುಕಿದೆ, ನನ್ನ ಮಾದರಿಯ ಬೋರ್ಡಿನ ದರ ಅಲ್ಲಿ ಸಿಗಲಿಲ್ಲ. ಬೆಲೆಯ ವಿಷಯದಲ್ಲಿ ಕೊನೆಗೆ ನನಗೆ ಉಪಯೋಗಕ್ಕೆ ಬಂದದ್ದು ಆ ಎರಡು ಇಮೇಲುಗಳು ಮಾತ್ರ.

ಪಾವತಿಗೆ ಮುಂಚೆ ಸರ್ವಿಸ್ ಸೆಂಟರಿಗೆ ಇಮೇಲಿನಲ್ಲಿ ಮೂರು ಪ್ರಶ್ನೆ ಕೇಳಿದೆ. ಬೋರ್ಡಿನಲ್ಲಿ ಕೆಟ್ಟಿರುವ ಭಾಗ ಯಾವುದು? ಅದೊಂದನ್ನೇ ಬದಲಾಯಿಸಲು ಸಾಧ್ಯವೇ, ಸಾಧ್ಯವಿಲ್ಲದಿದ್ದರೆ ಏಕೆ? ಎಸ್ಟಿಮೇಟಿನ 38,000 ಹಳೆಯ ಬೋರ್ಡನ್ನು ಕಂಪನಿ ಹಿಂಪಡೆಯುವ ಎಕ್ಸ್‌ಚೇಂಜ್ ದರವೋ, ಪೂರ್ತಿ ದರವೋ? ಮೂರನೆಯದು ಬಹಳ ಮುಖ್ಯ. ವಾರಂಟಿಯೊಳಗೆ ಬದಲಾಯಿಸಿದ ಬೋರ್ಡು ಕಂಪನಿಗೆ ಹೋಗುತ್ತದೆ, ಅದರಲ್ಲಿ ತಕರಾರಿಲ್ಲ. ವಾರಂಟಿಯ ಹೊರಗೂ ಹಲವು ಕಂಪನಿಗಳು ಎಕ್ಸ್‌ಚೇಂಜ್ ದರದಲ್ಲೇ ಬೋರ್ಡ್ ಕೊಡುತ್ತವೆ, ಆಗ ಹಳೆಯದನ್ನು ಕೇಳಲು ಬರುವುದಿಲ್ಲ. ಆದರೆ ಎಸ್ಟಿಮೇಟಿನಲ್ಲಿ ಹಾಗೆಂದು ಬರೆಯದೆ ಪೂರ್ತಿ ಹಣ ಪಡೆದರೆ ಹಳೆಯ ಬೋರ್ಡು ನನ್ನ ಸ್ವತ್ತಾಗಿಯೇ ಉಳಿಯುತ್ತದೆ. ಮೊದಲೆರಡು ಪ್ರಶ್ನೆಗಳಿಗೆ ಉತ್ತರ ಬರಲಿಲ್ಲ. ಮೂರನೆಯದಕ್ಕೆ, ಇದು ಪೂರ್ತಿ ದರ ಎಂದು ಒಂದು ಸಾಲಿನ ಉತ್ತರ ಬಂತು. ಬಹುಶಃ ಹೆಚ್ಚಿನ ದರಕ್ಕೆ ಅದೇ ಸಮರ್ಥನೆ ಎಂದುಕೊಂಡು ಹಾಗೆ ಬರೆದಿರಬೇಕು. ಆ ಸಾಲು ಕೈಗೆ ಬಂದ ಮೇಲೆ ನನಗೆ ಧೈರ್ಯ ಬಂತು.

ಹಣವನ್ನು ಯುಪಿಐ ಮೂಲಕ ಪಾವತಿಸಿದೆ. ಪಾವತಿಗೆ ಸ್ವಲ್ಪ ಮೊದಲು, "ಜೀವನೋಪಾಯದ ಕೆಲಸ ನಿಂತಿರುವುದರಿಂದ, ಬಿಲ್ಲಿನ ಬಗ್ಗೆ ನನ್ನ ಆಕ್ಷೇಪಣೆಯನ್ನು ಕಾಯ್ದಿರಿಸಿಕೊಂಡು ಪಾವತಿಸುತ್ತಿದ್ದೇನೆ" ಎಂದು ಇಮೇಲ್ ಕಳಿಸಿದ್ದೆ, ಬಿಲ್ಲಿನ ಅವರ ಪ್ರತಿಯ ಮೇಲೂ ಅದನ್ನೇ ಬರೆದು ಸಹಿ ಹಾಕಿದೆ. ದುಡ್ಡು ಕಟ್ಟಿದರೆ ಒಪ್ಪಿದಂತೆ ಎಂಬ ಮಿತ್ರರ ಸಂಶಯಕ್ಕೆ ಉತ್ತರ ಇಷ್ಟೇ. ಆಕ್ಷೇಪಣೆ ಪಾವತಿಗೆ ಮೊದಲೇ ಲಿಖಿತವಾಗಿ ತಲುಪಿರಬೇಕು, ಆಮೇಲೆ ಬರೆದದ್ದಕ್ಕೆ ತೂಕ ಕಡಿಮೆ. ಸರ್ವಿಸ್ ರಿಪೋರ್ಟಿನಲ್ಲಿ ತೆಗೆದ ಬೋರ್ಡಿನ ಸೀರಿಯಲ್ ಮತ್ತು ಹಾಕಿದ ಬೋರ್ಡಿನ ಸೀರಿಯಲ್ ಎರಡನ್ನೂ ಬರೆಸಿಕೊಂಡೆ. ಹಳೆಯ ಬೋರ್ಡ್ ಕೊಡಲು ಮ್ಯಾನೇಜರ್ ಬಹಳ ಹಿಂದೇಟು ಹಾಕಿದರು. ಅವರ ಇಮೇಲನ್ನೇ ಮುಂದಿಟ್ಟು ಸಂಜೆಯವರೆಗೆ ಕೌಂಟರಿನಲ್ಲೇ ಕುಳಿತ ಮೇಲೆ ಬೋರ್ಡನ್ನು ಕವರಿಗೆ ಹಾಕಿ ಕೊಟ್ಟರು.

ಆ ಬೋರ್ಡ್ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್.ಪಿ. ರಸ್ತೆಗೆ ಹೋಯಿತು. ಅಲ್ಲಿ ಚಿಪ್ ಲೆವೆಲ್ (ಬೋರ್ಡಿನ ಬಿಡಿಭಾಗಗಳನ್ನೇ ಬದಲಾಯಿಸುವ) ರಿಪೇರಿ ಎಂಬ ನಾಮಫಲಕವಿಲ್ಲದ ಮಳಿಗೆಯೇ ಇಲ್ಲ, ಆದರೆ ನಮಗೆ ಬೇಕಾದದ್ದು ಜಿಎಸ್‌ಟಿ ಬಿಲ್ಲಿನ ಮೇಲೆ ದೋಷದ ವಿವರ ಬರೆದು ಸಹಿ ಹಾಕುವ ಮಳಿಗೆ. ಕೇಳಿದ ಮೊದಲ ಕೆಲವು ಕಡೆ ಕೆಲಸಕ್ಕೆ ಸಿದ್ಧರಿದ್ದರೂ "ಲ್ಯಾಪ್‌ಟಾಪ್ ಸರ್ವಿಸ್" ಎಂದಷ್ಟೇ ಬರೆದುಕೊಡುತ್ತೇವೆ ಎಂದರು. ಒಬ್ಬರು, ಕಂಪನಿಯ ತಂಟೆ ನಮಗೇಕೆ ಎಂದು ಬೋರ್ಡನ್ನು ಮುಟ್ಟಲೇ ಇಲ್ಲ. ಕೊನೆಗೆ ಸಿಕ್ಕ ಹಿರಿಯ ತಂತ್ರಜ್ಞರೊಬ್ಬರು, ನಿಜವಿದ್ದದ್ದನ್ನು ಬರೆಯಲು ಹೆದರಿಕೆಯೇನು ಎಂದು ಒಪ್ಪಿದರು. ಅವರ ಕೆಲಸವನ್ನು ಎಲ್ಲೂ ಕತ್ತರಿಸದೆ ಒಂದೇ ವಿಡಿಯೋದಲ್ಲಿ ಹಿಡಿದೆ. ಮೊದಲು ಬಾರ್‌ಕೋಡ್ ತೋರಿಸಿದರು. ಚಾರ್ಜರಿನ 19 ವೋಲ್ಟ್ ಹಾದಿಗೂ ಗ್ರೌಂಡಿಗೂ ಮಲ್ಟಿಮೀಟರ್ ಹಿಡಿದಾಗ ಒಂದು ಓಮ್ ಕೂಡ ಬರಲಿಲ್ಲ, ಅಂದರೆ ಶಾರ್ಟ್ ಇರುವುದು ಖಚಿತ. ಬಳಿಕ ಡಿಸಿ ಸಪ್ಲೈಯಿಂದ ಒಂದು ವೋಲ್ಟಿನಷ್ಟು ಕೊಟ್ಟು, ಬೋರ್ಡಿನ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹರಡಿದರು. ಶಾರ್ಟ್ ಆದ ಭಾಗ ಬಿಸಿಯಾಗಿ ಅಲ್ಲಿನ ಆಲ್ಕೋಹಾಲ್ ಬೇಗ ಆರುತ್ತದೆ. ಎಲ್ಲ ಕಡೆ ತೇವ ಹಾಗೆಯೇ ಇದ್ದು, ಪ್ರೊಸೆಸರಿನ ಪವರ್ ವಿಭಾಗದ ಮಾಸ್‌ಫೆಟ್ (ವಿದ್ಯುತ್ತನ್ನು ನಿಯಂತ್ರಿಸುವ ಬಿಡಿಭಾಗ) ಪಕ್ಕದ ಒಂದು ಕಡೆ ಮಾತ್ರ ಕ್ಷಣದಲ್ಲಿ ಒಣಗಿತು. ಅಲ್ಲಿದ್ದದ್ದು ಸಾಸಿವೆ ಕಾಳಿನಷ್ಟು ದೊಡ್ಡ ಸೆರಾಮಿಕ್ ಕೆಪಾಸಿಟರ್, ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಡುವ ಪುಟ್ಟ ಬಿಡಿಭಾಗ. ಮೈಕ್ರೋಸ್ಕೋಪಿನಲ್ಲಿ ಅದರ ಅಂಚಿನ ಬಿರುಕು ಕಾಣುತ್ತಿತ್ತು, ಸುತ್ತ ತುಕ್ಕಾಗಲಿ ದ್ರವದ ಕಲೆಯಾಗಲಿ ಇರಲಿಲ್ಲ.

ಅವರು ಆಗಲೇ ಬದಲಾಯಿಸಲು ಕೈ ಹಾಕಿದ್ದರು, ನಾನು ತಡೆದೆ. ಈ ವಿಧಾನದಲ್ಲಿ ನನಗೆ ಹೆಚ್ಚು ಹೆಮ್ಮೆಯಿರುವುದು ಈ ತಡೆಯ ಬಗ್ಗೆ. ತಪಾಸಣೆಗೆ ಐನೂರು ಕೊಟ್ಟು ಬರಹದ ವರದಿ ಪಡೆದು, ಬೋರ್ಡನ್ನು ಹಾಗೆಯೇ ವಾಪಸ್ ತಂದೆ. ಬೋರ್ಡಿನ ದೋಷ ಇಂಥದ್ದೆಂದು ತಿಳಿದುಬಂದಿದೆ, ರಿಪೇರಿ ಮಾಡಿಸುವ ಮೊದಲು ನಿಮ್ಮ ಎಂಜಿನಿಯರ್ ಬಂದು ಜಂಟಿಯಾಗಿ ಪರಿಶೀಲಿಸಬಹುದು, ಹದಿನೈದು ದಿನದೊಳಗೆ ಉತ್ತರಿಸದಿದ್ದರೆ ನಾನು ರಿಪೇರಿ ಮಾಡಿಸುತ್ತೇನೆ ಎಂದು ಕಂಪನಿಗೂ ಸರ್ವಿಸ್ ಸೆಂಟರಿಗೂ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿದೆ. ಯಾರೂ ಬರಲಿಲ್ಲ. ಗಡುವು ಮುಗಿದ ಮೇಲೆ ಮತ್ತೆ ಬೆಂಗಳೂರಿಗೆ ಹೋಗಿ ಕೆಪಾಸಿಟರ್ ಬದಲು ಮಾಡಿಸಿದೆ. ಜಿಎಸ್‌ಟಿ ಸೇರಿ 3,200ರ ಹತ್ತಿರ ಆಯಿತು. ಬೋರ್ಡ್ ಮೊದಲ ಪ್ರಯತ್ನದಲ್ಲೇ ಜೀವ ಪಡೆಯಿತು. ತೆಗೆದ ಕೆಪಾಸಿಟರನ್ನು ಜಿಪ್ ಕವರಿನಲ್ಲಿ ಹಾಕಿ, ಅದರ ಮೇಲೆ ತಂತ್ರಜ್ಞರ ಸಹಿ ಮಾಡಿಸಿ ಇಟ್ಟುಕೊಂಡೆ. ಬೋರ್ಡನ್ನು ಹೊರಗಡೆ ಬಿಚ್ಚಿ ಹಾಳುಮಾಡಲಾಗಿದೆ ಎಂಬ ಆಕ್ಷೇಪಣೆ ಮುಂದೆ ಬಂದೇ ಬಂತು. ಅದಕ್ಕೆ ಆ ನೋಟಿಸಿನ ಸ್ವೀಕೃತಿಯೇ ಉತ್ತರವಾಯಿತು.

ಒಂದು ಮಾತು ಇಲ್ಲಿ ಹೇಳಲೇಬೇಕು. ಬೋರ್ಡ್ ಬದಲಾಯಿಸಿದ್ದೆಲ್ಲ ಅನ್ಯಾಯವೆಂದು ನಾನು ಹೇಳುವುದಿಲ್ಲ. ಪ್ರೊಸೆಸರ್ ಅಥವಾ ಗ್ರಾಫಿಕ್ಸ್ ಚಿಪ್ಪೇ ಹೋಗಿದ್ದರೆ ರೀಬಾಲಿಂಗ್ (ಚಿಪ್ಪನ್ನು ಕಿತ್ತು ಹೊಸ ಬೆಸುಗೆಯಿಂದ ಮತ್ತೆ ಕೂರಿಸುವುದು) ಮಾಡಿಸಿಕೊಂಡವರ ಪಾಡು ನಾವು ನೋಡಿದ್ದೇವೆ, ಕೆಲವು ತಿಂಗಳಿಗೆ ಮತ್ತೆ ಅದೇ ಕಥೆ. ಅಂಥ ಕಡೆ ಹೊಸ ಬೋರ್ಡೇ ಸರಿ, ಅಂಥ ಬಿಲ್ಲಿನ ಮೇಲೆ ಈ ವಿಧಾನವನ್ನು ಪ್ರಯೋಗಿಸಿದರೆ ಸೋಲು ಖಂಡಿತ. ಶಾರ್ಟ್, ಫ್ಯೂಸ್, ಮಾಸ್‌ಫೆಟ್, ಚಾರ್ಜಿಂಗ್ ಐಸಿ, ಇಂಥ ದೋಷಗಳಿಗೆ ಮಾತ್ರ ಇದು ನಡೆಯುತ್ತದೆ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯನ್ನು, ಅಂದರೆ 1915 ಅನ್ನು, ನಮ್ಮಲ್ಲಿ ಅನೇಕರು ಹೀಗಳೆಯುತ್ತಾರೆ. ಅದಕ್ಕೆ ಆದೇಶ ಕೊಡುವ ಅಧಿಕಾರವಿಲ್ಲ ಎಂಬುದು ನಿಜ, ಉಪನ್ಯಾಸಕರ ಹಿಂಜಿನ ದೂರು ಅಲ್ಲೇ ಮುಕ್ತಾಯವಾಗಿತ್ತು ಎಂಬುದೂ ನಿಜ. ಈ ಸಲ ನಾನು ಅಲ್ಲಿ ಪರಿಹಾರ ಕೇಳಲಿಲ್ಲ, ಸರ್ವಿಸ್ ಸೆಂಟರ್ ಉತ್ತರಿಸದೆ ಬಿಟ್ಟ ಮೊದಲೆರಡು ಪ್ರಶ್ನೆಗಳನ್ನೇ ಕೇಳಿದೆ. ದೂರಿಗೆ ಏನಾದರೊಂದು ಉತ್ತರ ಕೊಡಲೇಬೇಕಾದ್ದರಿಂದ ಕಂಪನಿಯ ಪ್ರತಿನಿಧಿ, "ಬೋರ್ಡಿನ ಬಿಡಿಭಾಗಗಳ ಮಟ್ಟದಲ್ಲಿ ರಿಪೇರಿ ಮಾಡುವುದು ನಮ್ಮ ನೀತಿಯಲ್ಲಿಲ್ಲ" ಎಂದು ಬರೆದರು. ಆ ನೀತಿಯನ್ನು ಹಣ ಪಡೆಯುವ ಮೊದಲು, ನಾನು ಲಿಖಿತವಾಗಿ ಕೇಳಿದಾಗ ಹೇಳಲಿಲ್ಲ ಎಂಬುದು ಅಲ್ಲಿಗೆ ಅವರ ಮಾತಿನಿಂದಲೇ ಸಾಬೀತಾಯಿತು. ದೂರು ಮುಕ್ತಾಯವಾಗಿದೆ ಎಂಬ ಸಂದೇಶ ಬಂದ ದಿನ ಆ ಪುಟವನ್ನು ಮುದ್ರಿಸಿಕೊಂಡೆ. ಸಹಾಯವಾಣಿಗೆ ಪ್ರಶ್ನೆಯನ್ನು ಯಾವ ಕ್ರಮದಲ್ಲಿ, ಯಾವ ಮಾತಿನಲ್ಲಿ ಬರೆದರೆ ಇಂಥ ಉತ್ತರ ಬರುತ್ತದೆ ಎಂಬುದು ನನ್ನ ಕೈಚಳಕ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರನ್ನು ಇ-ಜಾಗೃತಿ ಎಂಬ ಸರ್ಕಾರಿ ಜಾಲತಾಣದ ಮೂಲಕ ನಾನೇ ಸಲ್ಲಿಸಿದೆ. 2025ರ ಜನವರಿಯಿಂದ ಇ-ದಾಖಿಲ್ ಬದಲು ಇದು ಬಂದಿದೆ. ವಸ್ತು ಅಥವಾ ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಸೆಕ್ಷನ್ 34ರ ಪ್ರಕಾರ ದೂರುದಾರ ವಾಸಿಸುವ ಅಥವಾ ದುಡಿಯುವ ಊರಿನಲ್ಲೇ ದೂರು ಕೊಡಬಹುದು, ಆದ್ದರಿಂದ ಬೇರೆ ಊರಿನ ಕಂಪನಿ ನಮ್ಮೂರಿಗೆ ಬಂದು ಉತ್ತರ ಕೊಡಬೇಕಾಯಿತು. ವಕೀಲರನ್ನು ಇಟ್ಟುಕೊಳ್ಳಲಿಲ್ಲ, ಕರಡನ್ನು ಒಮ್ಮೆ ನೋಡಿಕೊಡಲು ಪರಿಚಯದ ವಕೀಲರೊಬ್ಬರಿಗೆ ಸಾವಿರ ರೂಪಾಯಿ ಕೊಟ್ಟೆ. ಅಫಿಡವಿಟ್, ನೋಟರಿ, ಜೆರಾಕ್ಸ್, ಅಂಚೆ ಎಲ್ಲ ಸೇರಿ ಇನ್ನೊಂದು ಸಾವಿರ ದಾಟಿರಲಾರದು. ಜೆರಾಕ್ಸ್ ನಮ್ಮದೇ ಅಂಗಡಿಯದಾದ್ದರಿಂದ ಆ ಲೆಕ್ಕ ಅಂದಾಜಿನದು.

ವಿಡಿಯೋ ಮತ್ತು ಫೋಟೋಗಳಿಗಾಗಿ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರಡಿ ಎಲೆಕ್ಟ್ರಾನಿಕ್ ದಾಖಲೆಗಳ ಜೊತೆ ಕೊಡುವ ಪ್ರಮಾಣಪತ್ರವನ್ನೂ ಲಗತ್ತಿಸಿದೆ. ಗ್ರಾಹಕ ಆಯೋಗದಲ್ಲಿ ಸಾಕ್ಷ್ಯದ ನಿಯಮಗಳು ಅಷ್ಟು ಬಿಗಿಯಿಲ್ಲ, ಅದು ಅಗತ್ಯವಿಲ್ಲ ಎಂದು ವಕೀಲರು ಹೇಳಿದ್ದರು. ಆದರೂ ಆ ಪ್ರಮಾಣಪತ್ರದ ನಮೂನೆಯಲ್ಲಿ ಕಡತದ ಹ್ಯಾಶ್ ಮೌಲ್ಯ (ಕಡತದ ಬೆರಳಚ್ಚಿನಂಥ ಸಂಕೇತ) ಬರೆಯಲು ಜಾಗವಿರುವುದನ್ನು ನೋಡಿ ಕುತೂಹಲವಾಯಿತು. ಒಂದು ವಿಡಿಯೋಗೆ ಶಾ-256 ಎಂಬ ವಿಧಾನದಿಂದ ಹ್ಯಾಶ್ ಮೌಲ್ಯ ತೆಗೆದು, ಅದೇ ವಿಡಿಯೋವನ್ನು ವಾಟ್ಸ್‌ಆಪಿನಲ್ಲಿ ವಿಡಿಯೋ ಆಗಿ ಕಳಿಸಿ ಮತ್ತೆ ಇಳಿಸಿಕೊಂಡು ನೋಡಿದೆ, ಮೌಲ್ಯ ಪೂರ್ತಿ ಬದಲಾಗಿತ್ತು, ಏಕೆಂದರೆ ವಾಟ್ಸ್‌ಆಪ್ ಅದನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದಾಗ ಮೌಲ್ಯ ಹಾಗೆಯೇ ಉಳಿಯಿತು. ಅಂದಿನಿಂದ ಮೂಲ ಕಡತವನ್ನು ಫೋನಿನಿಂದ ಕೇಬಲ್ ಮೂಲಕವೇ ಇಳಿಸಿ, ಆಗಲೇ ಹ್ಯಾಶ್ ಬರೆದಿಡುತ್ತೇನೆ.

ಎದುರುದಾರರಿಗೆ ಉತ್ತರಿಸಲು ಗ್ರಾಹಕ ಸಂರಕ್ಷಣಾ ಕಾಯ್ದೆ 30 ದಿನ ಕೊಡುತ್ತದೆ, ಹೆಚ್ಚೆಂದರೆ ಇನ್ನು 15 ದಿನ. ಅದಕ್ಕಿಂತ ಹೆಚ್ಚು ಕೊಡಲಾಗದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚಿನಲ್ಲಿ, ಹಳೆಯ ಕಾಯ್ದೆಯ ಇಂಥದ್ದೇ ಕಲಮಿನ ಬಗ್ಗೆ ಹೇಳಿದೆ. ಕಂಪನಿಯ ತಕರಾರು ಕೊನೆಯ ಘಳಿಗೆಯಲ್ಲಿ ಬಂತು. ವಾರಂಟಿ ಮುಗಿದಿದೆ ಎಂಬುದೇ ಅದರ ಮೊದಲ ಪುಟ. ನಾನು ವಾರಂಟಿಯನ್ನು ಕೇಳಿಯೇ ಇರಲಿಲ್ಲವಾದ್ದರಿಂದ ಆ ಪುಟ ಯಾವುದಕ್ಕೂ ಉತ್ತರವಾಗಲಿಲ್ಲ. ಎರಡನೆಯದು, ಬಿಲ್ಲು ಅಂಗಡಿಯ ಹೆಸರಿನಲ್ಲಿದೆ, ವಾಣಿಜ್ಯ ಉದ್ದೇಶದ ಖರೀದಿ, ಆದ್ದರಿಂದ ಇವರು ಗ್ರಾಹಕರೇ ಅಲ್ಲ ಎಂಬುದು. ಇದರಿಂದ ನಮ್ಮಲ್ಲಿ ಎಷ್ಟೋ ಜನ ಹೆದರುತ್ತಾರೆ. ಸ್ವಯಂ ಉದ್ಯೋಗದಿಂದ ಜೀವನೋಪಾಯ ಗಳಿಸುವುದಕ್ಕಾಗಿಯೇ ಕೊಂಡು ಬಳಸುವುದು ವಾಣಿಜ್ಯ ಉದ್ದೇಶದಲ್ಲಿ ಸೇರುವುದಿಲ್ಲವೆಂದು ಸೆಕ್ಷನ್ 2(7)ರ ವಿವರಣೆ ಹೇಳುತ್ತದೆ. ಅದರ ಲಾಭ ಸಿಗಬೇಕಾದರೆ ಅದನ್ನು ದೂರಿನಲ್ಲೇ ಬರೆದಿರಬೇಕು. ಅಂಗಡಿಯಲ್ಲಿ ಕೆಲಸದವರಿಲ್ಲ, ಯಂತ್ರವನ್ನು ನಾನೇ ಬಳಸುತ್ತೇನೆ, ಕುಟುಂಬಕ್ಕೆ ಇದೇ ಆದಾಯ ಎಂದು ಮೊದಲ ಪ್ಯಾರಾದಲ್ಲೇ ಪ್ರಮಾಣ ಮಾಡಿ ಹೇಳಿದ್ದೆ. ಮೂರನೆಯದಾಗಿ ದ್ರವ ಸೇರಿರುವ ಸಾಧ್ಯತೆಯನ್ನು ಎತ್ತಿದರು. ಜಾಬ್ ಶೀಟಿನಲ್ಲಿ ಅವರದೇ ಹುಡುಗ ಬರೆದ ಸಾಲನ್ನು ಪ್ರತ್ಯುತ್ತರದಲ್ಲಿ ಹಾಗೆಯೇ ಎತ್ತಿ ಬರೆದೆ.

ಅವರನ್ನು ನಿಜವಾಗಿ ಅಲುಗಾಡಿಸಿದ್ದು ಬೇರೆ ಅರ್ಜಿ. ದೋಷವನ್ನು ಪರೀಕ್ಷೆಯಿಲ್ಲದೆ ತೀರ್ಮಾನಿಸಲಾಗದಿದ್ದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಲು ಸೆಕ್ಷನ್ 38 ಅವಕಾಶ ಕೊಡುತ್ತದೆ, ಅದರ ಶುಲ್ಕವನ್ನು ದೂರುದಾರ ಕಟ್ಟಬೇಕಾಗುತ್ತದೆ. ಬೋರ್ಡು, ಕೆಪಾಸಿಟರ್, ವಿಡಿಯೋ ಮೂರನ್ನೂ ಒಪ್ಪಿಸುತ್ತೇನೆ, ಶುಲ್ಕ ಕಟ್ಟಲೂ ಸಿದ್ಧ, ತುಕ್ಕು ಅಥವಾ ದ್ರವದ ಗುರುತು ಕಂಡರೆ ದೂರನ್ನೇ ಹಿಂಪಡೆಯುತ್ತೇನೆ ಎಂದು ಅರ್ಜಿ ಕೊಟ್ಟೆ. ಮುಂದಿನ ತಾರೀಖಿಗೆ ಮೊದಲೇ ಅವರ ವಕೀಲರಿಂದ ರಾಜಿಯ ಮಾತು ಬಂತು. ಮೊದಲು ಬಂದದ್ದು ಐದು ಸಾವಿರದ ರಿಯಾಯಿತಿ ಕೂಪನ್, ಆಮೇಲೆ ಹೊಸ ಬೋರ್ಡಿಗೆ ಒಂದು ವರ್ಷದ ಹೆಚ್ಚುವರಿ ವಾರಂಟಿ, ಆಮೇಲೆ 20,000 ನಗದು. ನಾನು ಕೇಳಿದ್ದು ಬೋರ್ಡಿನ ಬೆಲೆಯಲ್ಲಿ ಎಸ್.ಪಿ. ರಸ್ತೆಯ ರಿಪೇರಿ ಖರ್ಚು ಕಳೆದು ಉಳಿಯುವ ಮೊತ್ತ, ಅದರ ಮೇಲಿನ ಜಿಎಸ್‌ಟಿ ಸೇರಿ 41,000ದಷ್ಟು. ಹೊಸ ಬೋರ್ಡು ನನ್ನ ಯಂತ್ರದಲ್ಲೇ ಇದೆಯಲ್ಲ ಎಂಬ ಅವರ ಮಾತಿನಲ್ಲಿ ನ್ಯಾಯವಿತ್ತು, ಅದಕ್ಕಾಗಿ ಐದು ಸಾವಿರ ಬಿಟ್ಟೆ. ಹಳೆಯ ಬೋರ್ಡನ್ನಾದರೂ ಹಿಂದಿರುಗಿಸಿ ಎಂದರು. ಅದು ನನಗೇ ಉಳಿಯಲಿ ಎಂದು ಇನ್ನೊಂದೆರಡು ಸಾವಿರ ಬಿಟ್ಟೆ. ಹೀಗೆ 34,000ಕ್ಕೆ ಬಂದು ನಿಂತಿತು.

ಹಳೆಯ ಬೋರ್ಡ್ ಸುಮ್ಮನೆ ಕುಳಿತಿಲ್ಲ. ಅದನ್ನು ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಹಿತ್ತಾಳೆಯ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಫ್ಯಾನ್ ಹಾಕಿ, ಎಚ್‌ಡಿಎಂಐ ಮೂಲಕ ಹಳೆಯ ಮಾನಿಟರಿಗೆ ಜೋಡಿಸಿ, ಅಂಗಡಿಯ ಎರಡು ಪ್ರಿಂಟರುಗಳನ್ನು ಅದಕ್ಕೆ ಒಪ್ಪಿಸಿದ್ದೇನೆ. ಡಬ್ಬಿ, ಫ್ಯಾನ್, ಸೆಕೆಂಡ್ ಹ್ಯಾಂಡ್ ಎಸ್‌ಎಸ್‌ಡಿ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ಬೇಸಿಗೆಯಲ್ಲಿ ದಿನವಿಡೀ ನಡೆಸಿದರೂ ಇದುವರೆಗೆ ಒಮ್ಮೆಯೂ ಆರಿಲ್ಲ.

ರಾಜಿಗೆ ಬರುವವರು ಒಂದು ವಿಷಯದಲ್ಲಿ ಎಚ್ಚರವಿರಬೇಕು. ನೀವು ದೂರನ್ನು ಹಿಂಪಡೆಯಿರಿ, ಹಣವನ್ನು ನಾವು ಖಾತೆಗೆ ಹಾಕುತ್ತೇವೆ ಎಂದು ಅವರ ವಕೀಲರು ಮೊದಲು ಕೇಳಿದ್ದರು. ನಾನು ಒಪ್ಪಲಿಲ್ಲ. ಮೊತ್ತ, ಖಾತೆ, ಗಡುವು ಮೂರನ್ನೂ ಬರೆದ ಜಂಟಿ ಮೆಮೊವನ್ನು ಆಯೋಗದ ಮುಂದೆ ಸಲ್ಲಿಸಿ, ಅದರಂತೆ ಆದೇಶವಾಗಬೇಕೆಂದು ಕೇಳಿಕೊಂಡೆ, ಹಾಗೆಯೇ ಆಯಿತು. ಆದೇಶವಾದರೆ ಸೆಕ್ಷನ್ 71ರಡಿ ಸಿವಿಲ್ ಡಿಕ್ರಿಯಂತೆ ಜಾರಿ ಮಾಡಿಸಬಹುದು, ಪಾಲಿಸದಿದ್ದರೆ ಸೆಕ್ಷನ್ 72ರಡಿ ದಂಡ ಮತ್ತು ಸೆರೆವಾಸದವರೆಗೂ ಹೋಗಬಹುದು. ಹಿಂಪಡೆದ ದೂರಿಗೆ ಈ ಯಾವುದೂ ಅನ್ವಯಿಸುವುದಿಲ್ಲ. ಗಡುವು ಮುಗಿದರೂ ಹಣ ಬರದಿದ್ದಾಗ ಜಾರಿ ಅರ್ಜಿಯ ಕರಡನ್ನು ಅವರ ವಕೀಲರಿಗೆ ಇಮೇಲ್ ಮಾಡಿದೆ, ಅದೇ ವಾರ ಹಣ ಜಮಾ ಆಯಿತು. ಈಗ ಉಪನ್ಯಾಸಕರು ತಮ್ಮ ಹೊಸ ಲ್ಯಾಪ್‌ಟಾಪಿನ ಹಿಂಜನ್ನು ಕೊಂಡ ತಿಂಗಳಿನಿಂದಲೇ ಫೋಟೋ ತೆಗೆದಿಡುತ್ತಿದ್ದಾರೆ.